ಒಟ್ಟಾವಾದ ಉಪಸಮಿತಿ ಮತ್ತು ರೋಹಿಂಗ್ಯರ ಕಡತ

2017ರ ಆಗಸ್ಟ್ 25ರ ನಂತರದ ದಿನಗಳು ನಿಮಗೂ ನೆನಪಿರಬಹುದು. ಮ್ಯಾನ್ಮಾರ್‌ನ ರಾಖೈನ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯ ಮುಸ್ಲಿಮರು ಗಡಿ ದಾಟಿ ಬಾಂಗ್ಲಾದೇಶ ಸೇರಿದರು. ನಮ್ಮ ಊರಿನ ಮಸೀದಿಯಲ್ಲಿ ಜುಮಾ ಕಳೆದು ಅವರಿಗಾಗಿ ದುಆ ನಡೆಯಿತು. ಹೊರಗೆ ಬಂದಾಗ ಹಿರಿಯರೊಬ್ಬರು ಕೇಳಿದರು: "ಇಷ್ಟಾಗುವ ತನಕ ಲೋಕಕ್ಕೆ ಗೊತ್ತೇ ಇರಲಿಲ್ಲವಾ?"

ಗೊತ್ತಿತ್ತು. ಅದು ನನಗೆ ತಿಳಿದದ್ದು ತಡವಾಗಿ, ಕೆನಡಾ ಸಂಸತ್ತಿನ ಒಂದು ವರದಿಯ ಬಗ್ಗೆ ಓದಿದಾಗ. ಅದು ಹೊರಬಂದದ್ದು 2016ರ ಜೂನ್‌ನಲ್ಲಿ, ಅಂದರೆ ಆ ಮಹಾ ಪಲಾಯನಕ್ಕೆ 14 ತಿಂಗಳು ಮೊದಲು. ರೋಹಿಂಗ್ಯರಿಗೆ ನಿಧಾನವಾಗಿ ನಶಿಸುವ ಶಿಕ್ಷೆ ವಿಧಿಸಲಾಗಿದೆ ಎಂಬುದೇ ಅದರ ಶೀರ್ಷಿಕೆಯ ಅರ್ಥ.

ವರದಿ ಬರೆದದ್ದು ಅಂತಾರಾಷ್ಟ್ರೀಯ ಮಾನವ ಹಕ್ಕುಗಳ ಉಪಸಮಿತಿ. ಒಟ್ಟಾವಾದಲ್ಲಿ ಕೂರುವ ಈ ಸಮಿತಿಯಲ್ಲಿ ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಇರುತ್ತಾರೆ. ಲೋಕದಲ್ಲಿ ಅನ್ಯಾಯ ನೂರು ಕಡೆ, ಇವರ ಕೈಯಲ್ಲಿರುವುದು ವಾರಕ್ಕೆ ಕೆಲವೇ ಗಂಟೆ. ಆದ್ದರಿಂದ ಯಾವ ಸಂಕಟವನ್ನು ಮೊದಲು ಕೇಳಬೇಕು ಎಂಬುದನ್ನು ತೀರ್ಮಾನಿಸುವುದೇ ಅವರ ಕಷ್ಟದ ಕೆಲಸ.

ಸದಸ್ಯರೊಬ್ಬರು ಒಂದು ವಿಷಯವನ್ನು ಗೊತ್ತುವಳಿಯಾಗಿ ಮುಂದಿಡುತ್ತಾರೆ. ಇಂತಹ ಯೋಜನೆಯ ಮಾತುಕತೆ ಹೆಚ್ಚಾಗಿ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ. ಎಷ್ಟು ಸಭೆ, ಯಾವಾಗ ಎಂಬುದು ಅಲ್ಲಿ ನಿಗದಿಯಾಗುತ್ತದೆ. ನಂತರ ಪಕ್ಷಗಳು ಸಾಕ್ಷಿಗಳ ಪಟ್ಟಿ ಕೊಡುತ್ತವೆ, ಸಮಿತಿಯ ಗುಮಾಸ್ತರು ಅವರನ್ನು ಕರೆಯುತ್ತಾರೆ. ಸಂಸತ್ತಿನ ಗ್ರಂಥಾಲಯದ ವಿಶ್ಲೇಷಕರು ಹಿನ್ನೆಲೆಯ ಟಿಪ್ಪಣಿ ಸಿದ್ಧಪಡಿಸುತ್ತಾರೆ, ಕೊನೆಗೆ ವರದಿಯ ಕರಡನ್ನೂ ಬರೆಯುತ್ತಾರೆ. ಬರಲಾಗದ ಸಾಕ್ಷಿ ವೀಡಿಯೊ ಮೂಲಕ ಮಾತನಾಡಬಹುದು, ಲಿಖಿತ ಹೇಳಿಕೆಯನ್ನೂ ಕಳಿಸಬಹುದು. ಎಲ್ಲವೂ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಸಿಗಬೇಕು. ಗಡಿಯಾಚೆ ಕನ್ನಡ ಇಟ್ಟುಕೊಂಡು ಬದುಕುವ ನಮಗೆ ಆ ಕೊನೆಯ ನಿಯಮದ ಬೆಲೆ ಚೆನ್ನಾಗಿ ಗೊತ್ತು.

ಚುನಾವಣೆ ಬಂದು ಸಂಸತ್ತು ವಿಸರ್ಜನೆಯಾದರೆ ಅರ್ಧ ಮುಗಿದ ಅಧ್ಯಯನ ಅಲ್ಲಿಗೇ ನಿಲ್ಲುತ್ತದೆ. ಹೊಸ ಸಮಿತಿ ಬಯಸಿದರೆ ಮಾತ್ರ ಹಳೆಯ ಸಾಕ್ಷ್ಯಕ್ಕೆ ಮತ್ತೆ ಜೀವ. ಉಪಸಮಿತಿಯ ವರದಿ ನೇರವಾಗಿ ಸದನಕ್ಕೆ ಹೋಗುವಂತೆಯೂ ಇಲ್ಲ. ವಿದೇಶಾಂಗ ವ್ಯವಹಾರಗಳ ದೊಡ್ಡ ಸಮಿತಿ ಒಪ್ಪಿ ಅದನ್ನು ಮಂಡಿಸಬೇಕು. ಸರ್ಕಾರದ ಉತ್ತರ ಬೇಕೆಂದು ಕೇಳಿದರೆ 120 ದಿನಗಳೊಳಗೆ ಕೊಡಬೇಕು.

ರೋಹಿಂಗ್ಯರ ಕಥೆಯಲ್ಲಿ ಹೇಳಲು ಬೇಕಾದಷ್ಟಿತ್ತು. 1982ರ ಪೌರತ್ವ ಕಾನೂನು ಅವರನ್ನು ಸ್ವಂತ ನೆಲದಲ್ಲೇ ಪರದೇಶಿಗಳನ್ನಾಗಿ ಮಾಡಿತು. 2012ರ ಹಿಂಸೆಯ ನಂತರ ಲಕ್ಷಕ್ಕೂ ಹೆಚ್ಚು ಮಂದಿ ಶಿಬಿರಗಳಲ್ಲಿ ಸಿಕ್ಕಿಬಿದ್ದರು. ಪಕ್ಕದ ಊರಿಗೆ ಹೋಗಲು ಅಪ್ಪಣೆ, ಮದುವೆಯಾಗಲೂ ಅಪ್ಪಣೆ ಬೇಕಾಗಿತ್ತು.

ಆ ವರದಿ 2017ರ ಬೆಂಕಿಯನ್ನು ತಡೆಯಲಿಲ್ಲ. ಇದನ್ನು ಮುಚ್ಚಿಡಬಾರದು. ಉಪಸಮಿತಿಗೆ ಸೈನ್ಯವಿಲ್ಲ, ಇನ್ನೊಂದು ದೇಶದ ಮೇಲೆ ಅಧಿಕಾರವೂ ಇಲ್ಲ. ಕಾಗದ ಓದಿದವರು ಎದ್ದು ನಿಲ್ಲದಿದ್ದರೆ ಅದು ಬರೀ ಕಾಗದ.

ಆದರೂ ಅದು ವ್ಯರ್ಥವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. 2018ರ ಸೆಪ್ಟೆಂಬರ್ 20ರಂದು ಕೆನಡಾದ ಕೆಳಮನೆ, ವಿಶ್ವಸಂಸ್ಥೆಯ ಸತ್ಯಶೋಧನಾ ತಂಡದ ಮಾತನ್ನು ಅನುಮೋದಿಸಿ, ರೋಹಿಂಗ್ಯರ ಮೇಲೆ ನಡೆದದ್ದು ನರಮೇಧವೆಂದು ಒಮ್ಮತದಿಂದ ಘೋಷಿಸಿತು. ಒಂದು ವಾರದ ಬಳಿಕ, 2007ರಲ್ಲಿ ಆಂಗ್ ಸಾನ್ ಸೂ ಕಿಗೆ ಕೊಟ್ಟಿದ್ದ ಗೌರವ ಪೌರತ್ವ ಹಿಂಪಡೆಯಲೂ ಒಪ್ಪಿತು. ಸೆನೆಟ್ ಅಕ್ಟೋಬರ್ 2ರಂದು ಅದಕ್ಕೆ ಸಮ್ಮತಿಸಿತು. ಅಷ್ಟರಲ್ಲಿ 'ಗೊತ್ತಿರಲಿಲ್ಲ' ಎನ್ನುವ ದಾರಿಯನ್ನು ಅದೇ ಸಂಸತ್ತಿನ 2016ರ ವರದಿ ಮುಚ್ಚಿಯಾಗಿತ್ತು.

ನಾನು ಜಮಾಅತ್ ಸಭೆಯ ನಡಾವಳಿ ಬರೆದವನು. ಬರೆದಿಟ್ಟ ಮಾತು ಎಷ್ಟೋ ಸಲ ಜಗಳ ನಿಲ್ಲಿಸುವುದಿಲ್ಲ. ಆದರೆ ಹತ್ತು ವರ್ಷ ಕಳೆದು ಯಾರಾದರೂ "ಹಾಗೆ ಆಗಲೇ ಇಲ್ಲ" ಎಂದಾಗ ಆ ಪುಸ್ತಕ ತೆಗೆಯಬಹುದು. ಆ ಹಿರಿಯರು ಈಗ ಸಿಕ್ಕಿದರೆ ಇಷ್ಟೇ ಹೇಳುತ್ತೇನೆ: ಗೊತ್ತಿತ್ತು ಕಾಕಾ, ಬರೆದೂ ಇಟ್ಟಿದ್ದರು. ಓದಿದವರು ಸಾಕಷ್ಟು ಬೇಗ ಏಳಲಿಲ್ಲ.