ಎಳೆಯ ಸೂರ್ಯನ ಮುಂಗೋಪ

ಚಳಿಗಾಲದ ರಾತ್ರಿ ಮಹಾವ್ಯಾಧ ನಕ್ಷತ್ರಪುಂಜವನ್ನು ನೀವು ನೋಡಿರಬಹುದು. ಸಾಲಾಗಿ ನಿಂತ ಮೂರು ನಕ್ಷತ್ರಗಳ ದಕ್ಷಿಣಕ್ಕೆ ಮಸುಕಾದ ಮಚ್ಚೆಯೊಂದಿದೆ. ಅದು ಸುಮಾರು 1,350 ಜ್ಯೋತಿರ್ವರ್ಷ ದೂರದ ನೀಹಾರಿಕೆ, ನಕ್ಷತ್ರಗಳು ಹುಟ್ಟುವ ತೊಟ್ಟಿಲು. ಸುಮಾರು 460 ಕೋಟಿ ವರ್ಷ ವಯಸ್ಸಿನ ನಮ್ಮ ಸೂರ್ಯನ ಬಾಲ್ಯ ಹೇಗಿತ್ತೆಂದು ತಿಳಿಯಬೇಕಾದರೆ ಅಲ್ಲಿಯ ಕೂಸುಗಳನ್ನೇ ನೋಡಬೇಕು.

1945ರಲ್ಲಿ ಅಮೆರಿಕದ ಆಲ್ಫ್ರೆಡ್ ಜಾಯ್, ಬೆಳಕು ಏರಿಳಿಯುವ ಕೆಲವು ನಕ್ಷತ್ರಗಳನ್ನು ಒಂದು ಗುಂಪಾಗಿಸಿ, ವೃಷಭ ರಾಶಿಯ ನಕ್ಷತ್ರವೊಂದರ ಹೆಸರಿನಿಂದ ‘ಟಿ ಟಾರಿ’ ಎಂದು ಕರೆದರು. ಇವು ಎಳೆಯ ನಕ್ಷತ್ರಗಳೆಂಬುದು ಆಮೇಲೆ ತಿಳಿಯಿತು. ಆದರೆ ಇವುಗಳ ನಿಜವಾದ ಮುಂಗೋಪ ಇದ್ದದ್ದು ಕ್ಷ-ಕಿರಣಗಳಲ್ಲಿ. ನಮ್ಮ ವಾಯುಮಂಡಲ ಆ ಕಿರಣಗಳನ್ನು ಹೀರಿಬಿಡುತ್ತದೆ. ಹಾಗಾಗಿ ಅವನ್ನು ಕಾಣಲು ಬಾಹ್ಯಾಕಾಶಕ್ಕೇ ಹೋಗಬೇಕಾಯಿತು. 1978ರಲ್ಲಿ ಹಾರಿದ ಐನ್‌ಸ್ಟೈನ್ ಉಪಗ್ರಹ ಉರಗಧರ ಪುಂಜದ ಕಪ್ಪು ಮೋಡವನ್ನು ನೋಡಿದಾಗ ಒಳಗಿನ ನಕ್ಷತ್ರಗಳು ಒಂದು ದಿನ ಬೆಳಗಿ ಇನ್ನೊಂದು ದಿನ ಮಂಕಾಗುತ್ತಿದ್ದವು. 1983ರಲ್ಲಿ ಇದನ್ನು ಪ್ರಕಟಿಸಿದ ತಂಡ ಆ ಮೋಡವನ್ನು ದೀಪ ಮಿನುಗುವ ಕ್ರಿಸ್‌ಮಸ್ ಮರಕ್ಕೆ ಹೋಲಿಸಿತು.

ಒಂದು ಸ್ಥಿರಚಿತ್ರದಿಂದ ಮಗುವಿನ ಸ್ವಭಾವ ತಿಳಿಯದು, ಕ್ಯಾಮೆರಾ ಓಡುತ್ತಲೇ ಇರಬೇಕು. ಟೆಲಿವಿಷನ್ ಕೆಲಸದಲ್ಲಿರುವ ನಾನು ಕಲಿತ ಪಾಠವಿದು. ವಿಜ್ಞಾನಿಗಳೂ ಹಾಗೆಯೇ ಮಾಡಿದರು. 2003ರ ಜನವರಿಯಲ್ಲಿ ‘ಚಂದ್ರ’ ಕ್ಷ-ಕಿರಣ ದೂರದರ್ಶಕ ಸುಮಾರು 13 ದಿನ ಬಹುಮಟ್ಟಿಗೆ ಎಡೆಬಿಡದೆ ಮಹಾವ್ಯಾಧದ ನೀಹಾರಿಕೆಯನ್ನು ನೋಡಿತು. 1,600ಕ್ಕೂ ಹೆಚ್ಚು ಆಕರಗಳು ಕಂಡವು. ಸೂರ್ಯನಂಥ ಎಳೆಯ ನಕ್ಷತ್ರಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಭಾರೀ ಜ್ವಾಲೆ ಏಳುತ್ತಿತ್ತು. ಅವುಗಳ ಮುಂದೆ ಇಂದಿನ ಸೂರ್ಯನ ದೊಡ್ಡ ಜ್ವಾಲೆಗಳೂ ಸಣ್ಣವು.

ಇದರಿಂದ ಗ್ರಹಗಳಿಗೇನು? ಎಳೆಯ ನಕ್ಷತ್ರದ ಸುತ್ತ ಅನಿಲ ಹಾಗೂ ಧೂಳಿನ ತಟ್ಟೆಯೊಂದು ಸುತ್ತುತ್ತಿರುತ್ತದೆ. ಗ್ರಹಗಳು ಮೂಡುವುದು ಅದರಲ್ಲೇ. ಕ್ಷ-ಕಿರಣಗಳು ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಅನಿಲಕ್ಕೆ ವಿದ್ಯುದಾವೇಶ ಕೊಡುತ್ತವೆ. ಆಗ ಅನಿಲ ಕಾಂತಕ್ಷೇತ್ರದ ಹಿಡಿತಕ್ಕೆ ಸಿಗುತ್ತದೆ. ಸುತ್ತುವ ಇಂಥ ದ್ರವ ದುರ್ಬಲ ಕಾಂತಕ್ಷೇತ್ರದಿಂದಲೂ ಕದಡಬಲ್ಲದೆಂದು 1959ರಲ್ಲಿ ರಷ್ಯದ ವೆಲಿಖೋವ್, 1960ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಗಣಿತದಿಂದ ತೋರಿಸಿದ್ದರು. 1991ರಲ್ಲಿ ಬಾಲ್ಬಸ್ ಮತ್ತು ಹಾಲಿ ಇದನ್ನು ಆಕಾಶದ ತಟ್ಟೆಗಳಿಗೆ ಅನ್ವಯಿಸಿದರು. ಮದ್ರಾಸಿನಲ್ಲಿ ಓದಿದ ಅದೇ ಚಂದ್ರಶೇಖರರ ಹೆಸರನ್ನೇ 1999ರಲ್ಲಿ ಹಾರಿದ ‘ಚಂದ್ರ’ಕ್ಕೆ ಇಟ್ಟಿರುವುದು!

ಈ ಕಿರಣಗಳು ಕೆಡುಕೂ ಮಾಡುತ್ತವೆ. ಅನಿಲವನ್ನು ಕಾಯಿಸಿ ತಟ್ಟೆಯಿಂದ ಹಾರಿಸಿಬಿಡುತ್ತವೆ. ತಟ್ಟೆಯ ಆಯುಸ್ಸು ಕೆಲವೇ ದಶಲಕ್ಷ ವರ್ಷ. ಗುರುವಿನಂಥ ಗ್ರಹ ಅಷ್ಟರೊಳಗೆ ಅನಿಲ ಕೂಡಿಹಾಕಿಕೊಳ್ಳಬೇಕು. ಇನ್ನೊಂದು ಅಪಾಯವೂ ಉಂಟು: ಅನಿಲದ ಸೆಳೆತಕ್ಕೆ ಸಿಕ್ಕ ಎಳೆಯ ಗ್ರಹ ಒಳಸರಿದು ನಕ್ಷತ್ರಕ್ಕೆ ಬೀಳಬಹುದು. ಜ್ವಾಲೆಗಳು ಅನಿಲವನ್ನು ಕಲಕಿ ಈ ಜಾರಿಕೆಯನ್ನು ತಡೆಯಬಹುದೆಂದು 2005ರಲ್ಲಿ ‘ಚಂದ್ರ’ ತಂಡ ಸೂಚಿಸಿತು. ಆದರೆ ಚಿಲಿಯ ಆಲ್ಮಾ ದೂರದರ್ಶಕ ಅಳೆದ ಕೆಲವು ತಟ್ಟೆಗಳಲ್ಲಿ ಈ ಕಲಕಾಟ ನಿರೀಕ್ಷೆಗಿಂತ ಕಡಿಮೆ. ವಿಚಾರಣೆ ಮುಗಿದಿಲ್ಲ.

ನಮ್ಮ ಸೂರ್ಯನೂ ಹೀಗಿದ್ದನೇ? 1969ರಲ್ಲಿ ಮೆಕ್ಸಿಕೋದ ಅಯೆಂದೆಯಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಸೌರವ್ಯೂಹದ ಅತಿ ಹಳೆಯ ಕಣಗಳಿವೆ. ಅವುಗಳಲ್ಲಿ ಒಮ್ಮೆ ಬೆರಿಲಿಯಂ-10 ಇತ್ತೆಂಬುದು 2000ದಲ್ಲಿ ಗೊತ್ತಾಯಿತು. ಅದು ನಕ್ಷತ್ರದ ಒಡಲಲ್ಲಿ ಬೇಯುವ ವಸ್ತುವಲ್ಲ, ವೇಗದ ಕಣಗಳು ಪರಮಾಣುಗಳನ್ನು ಒಡೆದಾಗ ಹುಟ್ಟುವಂಥದು. ಎಳೆಯ ಸೂರ್ಯನ ಜ್ವಾಲೆಗಳೇ ಆ ಕಣಗಳನ್ನು ಚಿಮ್ಮಿಸಿರಬೇಕೆಂದು ಹಲವರು ನಂಬುತ್ತಾರೆ.

ಮುಂದಿನ ಸಲ ಆ ಮಚ್ಚೆಯನ್ನು ಕಂಡಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಭೂಮಿ ಉಳಿದದ್ದು ಸೂರ್ಯನ ಕೋಪದ ನಡುವೆಯೂ ಎಂದೇ, ಅಥವಾ ಆ ಕೋಪದಿಂದಲೇ? ಉತ್ತರ ಹುಡುಕುವ ಸರದಿ ನಿಮ್ಮದು.