ಹತ್ತು ಶಿಲ್ಲಿಂಗಿನ ಹಾಡು

ಒಂದೇ ಒಂದು ಹಾಡಿನಿಂದ ಹೆಸರಾಗಿ ಆಮೇಲೆ ಮರೆವಿಗೆ ಸಂದ ಗಾಯಕರ ಬಗ್ಗೆ ಮಾತಾಡುವಾಗ ನಮ್ಮ ದನಿಯಲ್ಲಿ ಸಣ್ಣದೊಂದು ಕನಿಕರವಿರುತ್ತದೆ. 'ಪಾಪ, ಒಂದು ಹಾಡು ಹಿಟ್ ಆಯಿತು, ಮುಂದೆ ಏನೂ ಕೈ ಹತ್ತಲಿಲ್ಲ' ಎನ್ನುತ್ತೇವೆ. ಕಸುವು ಅಷ್ಟೇ ಇತ್ತು ಎಂದು ಗಾಯಕನ ಮೇಲೆಯೇ ತೀರ್ಪು ಕೊಟ್ಟು ಸುಮ್ಮನಾಗುತ್ತೇವೆ. ಆ ಒಂದು ಹಾಡಿನಿಂದ ಬಂದ ದುಡ್ಡು ಯಾರ ಕಿಸೆ ಸೇರಿತು, ಅವನ ಉಳಿದ ಹಾಡುಗಳು ನಮ್ಮ ಕಿವಿಯವರೆಗೆ ಯಾಕೆ ಬರಲಿಲ್ಲ ಎಂದು ಮಾತ್ರ ಕೇಳುವುದಿಲ್ಲ. ದಕ್ಷಿಣ ಆಫ್ರಿಕಾದ ಸೊಲೊಮನ್ ಲಿಂಡಾ ಮತ್ತು ಅವರ 'ಈವ್ನಿಂಗ್ ಬರ್ಡ್ಸ್' ಮೇಳದ ಚರಿತ್ರೆ ಈ ಪ್ರಶ್ನೆಗಳನ್ನು ಬಿಟ್ಟು ಓದಲು ಬಾರದ ಚರಿತ್ರೆ.

ಲಿಂಡಾ ಎಂಬ ಹೆಸರು ನಮಗೆ ಹೊಸದಿರಬಹುದು, ಹಾಡು ಹೊಸದಲ್ಲ. 1994ರಲ್ಲಿ ಬಂದ ಡಿಸ್ನಿ ಕಂಪನಿಯ 'ದಿ ಲಯನ್ ಕಿಂಗ್' ಎಂಬ ಕಾರ್ಟೂನ್ ಚಿತ್ರವನ್ನು ನಮ್ಮ ಮನೆಗಳ ಮಕ್ಕಳೂ ಟೀವಿ ಮುಂದೆ ಕುಳಿತು ನೋಡಿದ್ದಾರೆ. ಅದರಲ್ಲಿ ಕಾಡುಹಂದಿಯೂ ಅದರ ಗೆಳೆಯನೂ ಹಾಡುತ್ತಾ ಹೋಗುವ, ಮಲಗಿದ ಸಿಂಹದ ಒಂದು ಹಾಡಿದೆ. ಅದರ ಹೆಸರು 'ದಿ ಲಯನ್ ಸ್ಲೀಪ್ಸ್ ಟುನೈಟ್'. ಇಂಗ್ಲಿಷ್ ಬಾರದ ಮಕ್ಕಳೂ ಆ ರಾಗವನ್ನು ಗುನುಗುತ್ತವೆ. ಆ ರಾಗದ ತಾಯಿಬೇರು ಇರುವುದು 1939ರ ಜೊಹಾನ್ಸ್‌ಬರ್ಗ್‌ನಲ್ಲಿ, ಜುಲು ಭಾಷೆಯಲ್ಲಿ.

ಲಿಂಡಾ ಹುಟ್ಟಿದ್ದು 1909ರಲ್ಲಿ, ನಟಾಲ್ ಪ್ರಾಂತದ ಮ್ಸಿಂಗಾ ಎಂಬ ಬಡ ಸೀಮೆಯಲ್ಲಿ. ಬಾಲ್ಯದಲ್ಲಿ ದನ ಕಾಯುತ್ತಿದ್ದರು. ಮಿಷನ್ ಶಾಲೆಯಲ್ಲಿ ಒಂದಿಷ್ಟು ಅಕ್ಷರ, ಪ್ರಾರ್ಥನೆಯ ಹಾಡುಗಳು. ಊರಿನ ಮದುವೆ ಔತಣಗಳಲ್ಲಿ ಜುಲು ಹಾಡುಗಳು. ಇವೆರಡೂ ಸೇರಿ ಅವರ ಕಿವಿಯನ್ನು ತಿದ್ದಿದವು. ಆಗ ಜುಲು ರೈತರ ಕಾಲ ಕೆಳಗಿನ ನೆಲ ಸರಿಯುತ್ತಿತ್ತು. 1913ರ ಭೂಕಾಯ್ದೆಯು ಬಹುಸಂಖ್ಯಾತ ಕರಿಯರಿಗೆ ದೇಶದ ನೆಲದಲ್ಲಿ ಶೇ. 7ರಷ್ಟನ್ನು ಮಾತ್ರ ಉಳಿಸಿತ್ತು. ಹೊಲವಿಲ್ಲದ ಗಂಡಸರು ರೈಲು ಹತ್ತಿ ಚಿನ್ನದ ಗಣಿಗಳ ನಗರಕ್ಕೆ ಬರುತ್ತಿದ್ದರು. ಲಿಂಡಾ ಕೂಡ 1931ರಲ್ಲಿ ಹಾಗೆಯೇ ಜೊಹಾನ್ಸ್‌ಬರ್ಗ್ ಸೇರಿದರು. ಮೊದಲು ಕುರ್ಚಿ ಮೇಜುಗಳ ಅಂಗಡಿಯಲ್ಲಿ, ಆಮೇಲೆ ಹೋಟೆಲಿನಲ್ಲಿ ದುಡಿದರು.

ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟು ಬಂದ ಗಂಡಸರನ್ನು ನಗರ ಹಾಸ್ಟೆಲುಗಳಲ್ಲಿ ಗುಂಪುಗುಂಪಾಗಿ ಇರಿಸಿತ್ತು. ವಾರವಿಡೀ ಮೈಮುರಿಯುವ ಕೆಲಸ. ವಾರದ ಕೊನೆಯ ರಾತ್ರಿಗಳಲ್ಲಿ ಹಾಡಿನ ಪಂದ್ಯ. ಹಾಸ್ಟೆಲಿಗೊಂದು ಮೇಳ, ಮೇಳಕ್ಕೊಂದು ಹೆಸರು, ಒಂದೇ ತೆರನಾದ ಉಡುಪು. ವಾದ್ಯ ಇಲ್ಲ, ಕೊರಳುಗಳೇ ವಾದ್ಯ. ನಮ್ಮ ಉತ್ತರ ಕರ್ನಾಟಕದಲ್ಲಿ ಮೊಹರಮ್ಮಿನ ರಿವಾಯತ್ ಮೇಳಗಳು ಒಂದರೆದುರು ಒಂದು ನಿಂತು ರಾತ್ರಿಯೆಲ್ಲಾ ಹಾಡುವುದನ್ನು ಕಂಡವರಿಗೆ ಆ ಹುರುಪು ಎಂಥದೆಂದು ವಿವರಿಸಬೇಕಾಗಿಲ್ಲ. 'ಈವ್ನಿಂಗ್ ಬರ್ಡ್ಸ್' ಎಂಬುದು ಮೊದಲು ಲಿಂಡಾ ಅವರ ಸೋದರ ಸಂಬಂಧದ ಹಿರಿಯರು ನಡೆಸುತ್ತಿದ್ದ ಮೇಳ. ಅದು 1933ರಲ್ಲಿ ಒಡೆದ ಮೇಲೆ ಲಿಂಡಾ ಅದೇ ಹೆಸರಿನಲ್ಲಿ ಹೊಸ ಮೇಳ ಕಟ್ಟಿದರು. ಆರು ಜನ. ಒಳ್ಳೆಯ ಪಟ್ಟೆ ಸೂಟು ತೊಟ್ಟು, ಹ್ಯಾಟು ಇಟ್ಟು ನಿಲ್ಲುತ್ತಿದ್ದರು. ಹಗಲಿನಲ್ಲಿ ಯಾರದೋ ಹಮಾಲಿಗಳಾಗಿದ್ದವರು ರಾತ್ರಿ ಸರದಾರರಾಗುತ್ತಿದ್ದರು.

ಇವರ ಹೆಸರು ಗ್ಯಾಲೊ ಎಂಬ ರೆಕಾರ್ಡ್ ಕಂಪನಿಯ ಕಿವಿಗೆ ಬಿತ್ತು. ಲಿಂಡಾ ಅದೇ ಕಂಪನಿಯ ಕಾರ್ಖಾನೆಯಲ್ಲಿ ರೆಕಾರ್ಡುಗಳನ್ನು ಪ್ಯಾಕ್ ಮಾಡುವ ಕೆಲಸಕ್ಕೂ ಸೇರಿದರು. 1939ರಲ್ಲಿ ಮೇಳ ಸ್ಟುಡಿಯೋದಲ್ಲಿ 'ಇಂಬೂಬೆ' ಎಂಬ ಹಾಡನ್ನು ಹಾಡಿತು. ಇಂಬೂಬೆ ಎಂದರೆ ಜುಲು ಭಾಷೆಯಲ್ಲಿ ಸಿಂಹ. ದನ ಕಾಯುವ ಹುಡುಗರು ಸಿಂಹವನ್ನು ಓಡಿಸಿದ ಹಳ್ಳಿಯ ನೆನಪು ಅದರ ಹಿಂದಿದೆ. ಕೆಳಗೆ ಗಂಡುದನಿಗಳು ಒಂದೇ ಪಲ್ಲವಿಯನ್ನು ತಿರುಗಿ ತಿರುಗಿ ಹಿಡಿಯುತ್ತವೆ. ಮೇಲೆ ಲಿಂಡಾ ಅವರ ದನಿ ಹೆಣ್ಣುದನಿಯಷ್ಟು ಎತ್ತರದಲ್ಲಿ ತನ್ನಿಷ್ಟದಂತೆ ಅಲೆಯುತ್ತದೆ. ಮೂರನೆಯ ಸಲ ಹಾಡುವಾಗ, ಕೊನೆಯ ಕೆಲವು ಗಳಿಗೆಗಳಲ್ಲಿ, ಲಿಂಡಾ ಅಲ್ಲೇ ಹೊಳೆದ ಒಂದು ಹೊಸ ಎಳೆಯನ್ನು ಎತ್ತಿದರು. ಜಗತ್ತು ಮುಂದೆ ಇಂಗ್ಲಿಷ್ ಮಾತು ತುಂಬಿ ಹಾಡಿದ್ದು ಆ ಎಳೆಯನ್ನೇ.

ಹಾಡಿನ ಹಕ್ಕನ್ನು ಲಿಂಡಾ ಕಂಪನಿಗೆ ಬಿಟ್ಟುಕೊಟ್ಟದ್ದು 10 ಶಿಲ್ಲಿಂಗಿಗೆ. ಆ ಕಾಲದಲ್ಲಿ ಕರಿಯ ಹಾಡುಗಾರರಿಗೆ ರಾಯಲ್ಟಿ ಎಂಬ ಲೆಕ್ಕ ಇರಲಿಲ್ಲ. ಹಾಡಿದ ದಿನದ ಕೂಲಿ ಕೊಟ್ಟರೆ ಅಲ್ಲಿಗೆ ಋಣ ಮುಗಿಯಿತು. ಹತ್ತು ವರ್ಷಗಳಲ್ಲಿ ಆಫ್ರಿಕಾದಲ್ಲಿ 'ಇಂಬೂಬೆ'ಯ ಸುಮಾರು 1,00,000 ತಟ್ಟೆಗಳು ಖರ್ಚಾದವು. ಆ ಬಗೆಯ ಗಾಯನಕ್ಕೇ 'ಇಂಬೂಬೆ' ಎಂಬ ಹೆಸರು ಬಿತ್ತು. ಒಂದು ಹಾಡು ಒಂದು ಪ್ರಕಾರದ ಹೆಸರಾಗುವುದು ಸಾಮಾನ್ಯವೇ? ಮುಂದೆ 1986ರಲ್ಲಿ ಅಮೆರಿಕದ ಪಾಲ್ ಸೈಮನ್ ಅವರ 'ಗ್ರೇಸ್‌ಲ್ಯಾಂಡ್' ಧ್ವನಿಸುರುಳಿಯಲ್ಲಿ ಹಾಡಿ ಲೋಕಪ್ರಸಿದ್ಧವಾದ 'ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ' ಮೇಳ ನಡೆದು ಬಂದದ್ದೂ ಈ ದಾರಿಯಲ್ಲೇ. ಆದರೆ ಲಿಂಡಾ ಅವರ ಮೇಳ 1948ರ ಹೊತ್ತಿಗೆ ಚದುರಿತ್ತು.

ಆ ತಟ್ಟೆಯೊಂದು ಸಮುದ್ರ ದಾಟಿತು. ಜಾನಪದ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ಅದನ್ನು ಅಮೆರಿಕದ ಗಾಯಕ ಪೀಟ್ ಸೀಗರ್‌ಗೆ ಕೊಟ್ಟರು. ಸೀಗರ್ ಕೇಳಿ ಕೇಳಿ ಬರೆದುಕೊಂಡರು. 'ನೀನು ಸಿಂಹ' ಎಂಬರ್ಥದ ಜುಲು ಪದ ಅವರ ಕಿವಿಗೆ 'ವಿಮೊವೆ' ಎಂದು ಕೇಳಿಸಿತು. 1951ರಲ್ಲಿ ಅವರ 'ವೀವರ್ಸ್' ತಂಡ ಅದನ್ನೇ ಹಾಡಿತು, ಮರುವರ್ಷ ಅದು ಹಿಟ್ ಆಯಿತು. ರಚನೆ ಎಂಬಲ್ಲಿ ಪಾಲ್ ಕ್ಯಾಂಪ್‌ಬೆಲ್ ಎಂಬ ಹೆಸರು ಕುಳಿತಿತ್ತು. ಅಂಥ ಮನುಷ್ಯನೇ ಇರಲಿಲ್ಲ; ಅದು ತಂಡದವರು ಇಟ್ಟುಕೊಂಡ ಸುಳ್ಳು ಹೆಸರು. ಸೀಗರ್ ಆ ಹಾಡನ್ನು ಹಳೆಯ ಜಾನಪದವೆಂದೇ ನಂಬಿದ್ದರು. ವಿಷಯ ತಿಳಿದ ಮೇಲೆ ತಮ್ಮ ಪಾಲನ್ನು ಲಿಂಡಾ ಅವರಿಗೆ ಕಳುಹಿಸಿ ಎಂದು ಪ್ರಕಾಶಕರಿಗೆ ಹೇಳಿದರು, 1,000 ಡಾಲರಿನ ಒಂದು ಚೆಕ್ಕೂ ಹೋಯಿತು. ಅದು ಮುಂದೆಯೂ ತಪ್ಪದೆ ಹೋಗುತ್ತಿದೆಯೇ ಎಂದು ವಿಚಾರಿಸಲಿಲ್ಲ. ಬಡವರ ಪರವಾಗಿ ಹಾಡಿ ಸರ್ಕಾರದ ಕಣ್ಣಿಗೆ ಗುರಿಯಾಗಿದ್ದ ಸಜ್ಜನರ ಕೈಯಿಂದಲೂ ಇಂಥ ಅಲಕ್ಷ್ಯವಾಗಬಹುದು ಎಂಬುದು ನಮಗೆಲ್ಲ ಪಾಠ.

1961ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಹುಡುಗರ 'ದಿ ಟೋಕನ್ಸ್' ತಂಡ ಅದೇ ರಾಗಕ್ಕೆ ಜಾರ್ಜ್ ಡೇವಿಡ್ ವೈಸ್ ಬರೆದ ಇಂಗ್ಲಿಷ್ ಸಾಲುಗಳನ್ನು ಸೇರಿಸಿ ಹಾಡಿತು. ಡಿಸೆಂಬರಿನಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಟೋಕನ್ಸ್ ಆಮೇಲೆಯೂ ಹಾಡಿದರು, ಆದರೆ ಜನ ನೆನಪಿಟ್ಟದ್ದು ಅದೊಂದನ್ನೇ. 1982ರಲ್ಲಿ ಬ್ರಿಟನ್ನಿನ 'ಟೈಟ್ ಫಿಟ್' ಎಂಬ ತಂಡ ಹಾಡಿದಾಗ ಅಲ್ಲಿಯೂ ಅದು ಮೊದಲ ಸ್ಥಾನ ಪಡೆಯಿತು. ಆ ತಂಡದ ಹೆಸರೂ ಇಂದು ಮುಖ್ಯವಾಗಿ ಅದೇ ಹಾಡಿಗೆ ಅಂಟಿಕೊಂಡಿದೆ. ಹೀಗೆ ಒಂದೇ ಹಾಡು ಮೂರು ದೇಶಗಳಲ್ಲಿ ಮೂರು 'ಒಂದೇ ಹಾಡಿನ' ಮೇಳಗಳನ್ನು ಬಿಟ್ಟು ಹೋಗಿದೆ. ವ್ಯತ್ಯಾಸವಿಷ್ಟೆ: ಹಾಡಿದ ಇಬ್ಬರಿಗೆ ಪಟ್ಟಿಯಲ್ಲಿ ಮೊದಲ ಸ್ಥಾನವಾದರೂ ಸಿಕ್ಕಿತು, ಹಾಡು ಕಟ್ಟಿದವರ ಹೆಸರು ಆ ಪಟ್ಟಿಯ ಹತ್ತಿರ ಸುಳಿಯಲೂ ಇಲ್ಲ.

ಲಿಂಡಾ ಅಷ್ಟರಲ್ಲಿ ಸೊವೆಟೊದ ಸಣ್ಣ ಮನೆಯೊಂದರಲ್ಲಿದ್ದರು. 1959ರಲ್ಲಿ ವೇದಿಕೆಯ ಮೇಲೆಯೇ ಕುಸಿದಿದ್ದರು. ಮೂತ್ರಪಿಂಡದ ಕಾಯಿಲೆಯಿಂದ 1962ರಲ್ಲಿ ತೀರಿಕೊಂಡರು. ಅವರ ಬ್ಯಾಂಕ್ ಖಾತೆಯಲ್ಲಿ ಉಳಿದದ್ದು 25 ಡಾಲರಿಗೂ ಕಡಿಮೆ. ಸಮಾಧಿಗೆ ಒಂದು ಕಲ್ಲು ನಿಲ್ಲಿಸಲು ಅವರ ಪತ್ನಿಗೆ 18 ವರ್ಷ ಬೇಕಾಯಿತು. ಕೂಲಿಯವನ ಬೆವರು ಆರುವ ಮೊದಲೇ ಕೂಲಿ ಸಲ್ಲಬೇಕೆಂಬ ಪ್ರವಾದಿಯವರ ಬೋಧನೆಯನ್ನು ನಾವು ಚಿಕ್ಕಂದಿನಿಂದ ಮಸೀದಿಗಳಲ್ಲಿ ಕೇಳಿದ್ದೇವೆ. ಇಲ್ಲಿ ಬೆವರು ಆರಿದ್ದಷ್ಟೇ ಅಲ್ಲ, ಬೆವರಿದ ದೇಹವೇ ಮಣ್ಣು ಸೇರಿದರೂ ಕೂಲಿ ಬರಲಿಲ್ಲ.

1990ರ ದಶಕದ ಆರಂಭದಲ್ಲಿ ಅಮೆರಿಕದ ಪ್ರಕಾಶಕರು ಮತ್ತು ಹೊಸ ಸಾಲು ಬರೆದವರು ಹಾಡು ತಮ್ಮದು ತಮ್ಮದೆಂದು ಪರಸ್ಪರ ವ್ಯಾಜ್ಯ ಹೂಡಿದ್ದರು. ಊರವರ ಆಸ್ತಿಗೆ ಇಬ್ಬರು ದಾಯಾದಿಗಳಂತೆ ಅವರು ಕಾದಾಡುತ್ತಿದ್ದಾಗ ನಿಜವಾದ ವಾರಸುದಾರರು ಸೊವೆಟೊದಲ್ಲಿ ಬಡತನದಲ್ಲಿದ್ದರು. 2000ರಲ್ಲಿ ದಕ್ಷಿಣ ಆಫ್ರಿಕಾದ ಪತ್ರಕರ್ತ ರಿಯಾನ್ ಮಲಾನ್ 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಈ ಇಡೀ ಕಥೆಯನ್ನು ಹೊರಗೆ ತಂದರು. 'ದಿ ಲಯನ್ ಕಿಂಗ್'ನಲ್ಲಿ ಬಳಕೆಯಾದದ್ದರಿಂದಲೇ ಹಾಡು ಸುಮಾರು 1.5 ಕೋಟಿ ಡಾಲರ್ ಗಳಿಸಿರಬೇಕೆಂದು ಅವರು ಅಂದಾಜು ಮಾಡಿದರು. ಓದಿದ ಜನ ತಲೆ ತಗ್ಗಿಸಿದರು. ಆದರೆ ತಲೆ ತಗ್ಗಿಸಿದರೆ ಬಾಕಿ ತೀರುವುದಿಲ್ಲ, ಅದಕ್ಕೆ ಕಾನೂನು ಬೇಕಿತ್ತು.

ಕಾನೂನು ಸಿಕ್ಕಿದ್ದು ಬ್ರಿಟಿಷ್ ಸಾಮ್ರಾಜ್ಯದ ಹಳೆಯ ಕಪಾಟಿನಲ್ಲೇ! 1911ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಒಂದು ಷರತ್ತಿತ್ತು. ಕೃತಿಕಾರ ಬದುಕಿದ್ದಾಗ ಯಾರಿಗೇ ಹಕ್ಕು ಬರೆದುಕೊಟ್ಟಿರಲಿ, ಅವನು ಸತ್ತು 25 ವರ್ಷಗಳಾದ ಮೇಲೆ ಆ ಹಕ್ಕು ಅವನ ವಾರಸುದಾರರಿಗೆ ಮರಳಬೇಕು. ಕಾದಂಬರಿಕಾರ ಡಿಕನ್ಸ್‌ನ ನೆನಪಿನಲ್ಲಿ ಇದನ್ನು 'ಡಿಕನ್ಸ್ ಷರತ್ತು' ಎನ್ನುವುದುಂಟು. ವಕೀಲ ಓವನ್ ಡೀನ್ ಇದನ್ನು ಹಿಡಿದು ಲೆಕ್ಕ ಹಾಕಿದರು: ಲಿಂಡಾ ತೀರಿಕೊಂಡದ್ದು 1962ರಲ್ಲಿ, ಹಾಗಾದರೆ 1987ರಿಂದ ಆ ಸಾಮ್ರಾಜ್ಯಕ್ಕೆ ಸೇರಿದ್ದ ದೇಶಗಳಲ್ಲಿ ಹಾಡು ಅವರ ಮಕ್ಕಳದು. 2004ರಲ್ಲಿ ಲಿಂಡಾ ಅವರ ಹೆಣ್ಣುಮಕ್ಕಳ ಪರವಾಗಿ ಡಿಸ್ನಿಯ ಮೇಲೆ ದಾವೆ ಬಿತ್ತು. ದಕ್ಷಿಣ ಆಫ್ರಿಕಾದ ನ್ಯಾಯಾಲಯ ಮಿಕ್ಕಿ ಮೌಸ್ ಸೇರಿದಂತೆ ಡಿಸ್ನಿಯ ಟ್ರೇಡ್‌ಮಾರ್ಕುಗಳನ್ನು ಜಪ್ತಿ ಮಾಡಿತು. ಕಾರ್ಖಾನೆಯಲ್ಲಿ ರೆಕಾರ್ಡು ಕಟ್ಟುತ್ತಿದ್ದವರ ಮಕ್ಕಳಿಗಾಗಿ ಮಿಕ್ಕಿ ಮೌಸ್ ಕೋರ್ಟಿನ ಕಟ್ಟೆಗೆ ಬಂದದ್ದು ಚರಿತ್ರೆಯ ಒಂದು ವಿಶೇಷ. 2006ರ ಫೆಬ್ರವರಿಯಲ್ಲಿ ರಾಜಿಯಾಯಿತು. ಹಳೆಯ ಬಾಕಿಗೆ ಹಣ, ಮುಂದಿನ ಬಳಕೆಗೆ ರಾಯಲ್ಟಿ, ಅದನ್ನು ನೋಡಿಕೊಳ್ಳಲು ಒಂದು ಟ್ರಸ್ಟ್, ಸಹ ರಚನಕಾರರೆಂದು ಸೊಲೊಮನ್ ಲಿಂಡಾ ಹೆಸರು - ಇವು ಅದರ ಸಾರ. ಆದರೆ ಮಕ್ಕಳಲ್ಲಿ ಒಬ್ಬಾಕೆ 2001ರಲ್ಲೇ ತೀರಿಕೊಂಡಿದ್ದರು. ಅವರಿಗೆ ಈ ನ್ಯಾಯ ತಲುಪಲಿಲ್ಲ.

ಈ ಕಾನೂನಿನ ಮಾತು ನಮಗೆ ದೂರದ್ದಲ್ಲ. ಭಾರತದ 1914ರ ಹಕ್ಕುಸ್ವಾಮ್ಯ ಕಾಯ್ದೆಯೂ ಅದೇ 1911ರ ಕಾಯ್ದೆಯ ಮಗು. ಸ್ವತಂತ್ರ ಭಾರತದ 1957ರ ಕಾಯ್ದೆ ಬಂದ ಮೇಲೂ ಸಿನಿಮಾ ಹಾಡಿನ ಕವಿ, ಸಂಗೀತಗಾರರು ಒಮ್ಮೆ ಸಹಿ ಹಾಕಿದರೆ ಬಹುಮಟ್ಟಿಗೆ ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದರು. 2012ರ ತಿದ್ದುಪಡಿ ಬಂದು, ರಾಯಲ್ಟಿಯ ಪಾಲನ್ನು ವಾರಸುದಾರರಿಗೋ ರಚನಕಾರರ ಸಂಘಕ್ಕೋ ಹೊರತು ಬೇರಾರಿಗೂ ಬರೆದುಕೊಡುವಂತಿಲ್ಲ ಎಂದಿತು. ಇಷ್ಟಾದರೂ ನಮ್ಮ ಹಳ್ಳಿಗಳ ಲಾವಣಿಕಾರರು, ರಿವಾಯತ್ ಕಟ್ಟುವವರು ಈ ಬೇಲಿಯ ಹೊರಗೇ ಇದ್ದಾರೆ. 'ಜಾನಪದ' ಎಂಬ ಒಂದು ಪದ ಬರೆದರೆ ಸಾಕು, ಬದುಕಿರುವ ಕವಿಯ ಹೆಸರೂ ಅಳಿಸಿಹೋಗುತ್ತದೆ. ಸೀಗರ್ ಅವರಿಗೆ ಆದ ತಪ್ಪು ನಮಗೂ ದಿನಾ ಆಗುತ್ತಿದೆ.

ಗಜಲ್ ಬರೆಯುವವರು ಕೊನೆಯ ಶೇರ್‌ನಲ್ಲಿ ತಮ್ಮ ತಖಲ್ಲುಸ್ ಇಡುತ್ತಾರೆ. ದಾಸರ ಪದಕ್ಕೆ ಅಂಕಿತವಿದೆ. ಹಾಡು ಎಷ್ಟು ಬಾಯಿ ದಾಟಿದರೂ ಕರ್ತೃವಿನ ಗುರುತು ಉಳಿಯಲಿ ಎಂಬ ವಿವೇಕ ನಮ್ಮ ಎರಡೂ ಪರಂಪರೆಗಳಿಗಿತ್ತು. ಲಿಂಡಾ ಅವರ ಹೆಸರೂ 1939ರ ತಟ್ಟೆಯ ಚೀಟಿಯ ಮೇಲೆ ಅಚ್ಚಾಗಿತ್ತು. ಓದಬೇಕಾದವರು ಓದಲಿಲ್ಲ, ಅಷ್ಟೆ.

ಕೊನೆಗೆ, ಲಿಂಡಾ ಒಂದೇ ಹಾಡಿನವರೂ ಅಲ್ಲ. ಈವ್ನಿಂಗ್ ಬರ್ಡ್ಸ್ ಹಾಡಿದ ಇನ್ನೊಂದು ತಟ್ಟೆಯ ಹೆಸರು 'ಯೆತುಲಿಸಿಗ್ಕೊಕೊ'. ಹ್ಯಾಟು ತೆಗೆ ಎಂದು ಅದರರ್ಥ. ಕರಿಯರು ಊರಿನಲ್ಲಿರಲು ಪಾಸು ಪಡೆಯಬೇಕಾಗಿದ್ದ ಕಚೇರಿಯಲ್ಲಿ ಅಧಿಕಾರಿಗಳು ಅವರನ್ನು ನಡೆಸಿಕೊಳ್ಳುತ್ತಿದ್ದ ಬಗೆಯನ್ನು ಹೇಳುವ ಹಾಡು ಅದು. ಜಗತ್ತು ಲಿಂಡಾ ಅವರಿಂದ ಕಾಡಿನ ಸಿಂಹವನ್ನು ಆರಿಸಿಕೊಂಡಿತು, ಕಚೇರಿಯ ಮುಂದೆ ಹ್ಯಾಟು ತೆಗೆದು ನಿಂತ ಮನುಷ್ಯನನ್ನು ಅಲ್ಲೇ ಬಿಟ್ಟಿತು. ಇನ್ನು ಮುಂದೆ ಮನೆಯಲ್ಲಿ ಮಕ್ಕಳು ಆ ಸಿಂಹದ ರಾಗ ಗುನುಗಿದರೆ ಅದು ಕಟ್ಟಿದವರ ಹೆಸರನ್ನು ನಾವು ಅವರಿಗೆ ಹೇಳೋಣ. ಈ ಹ್ಯಾಟಿನ ಹಾಡಿನ ಸಂಗತಿಯನ್ನೂ ಹೇಳೋಣ.