ಜಮಖಂಡಿ, ಮುಧೋಳ ಸಂಸ್ಥಾನಗಳು ಮತ್ತು ಏಕೀಕರಣ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇಂದು ಬಾಗಲಕೋಟೆ ಜಿಲ್ಲೆಯ ಅಕ್ಕಪಕ್ಕದ ಊರುಗಳು. 1948ರವರೆಗೆ ಇವು ನಾಲ್ಕು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಜಮಖಂಡಿ, ಬನಹಟ್ಟಿಗಳು ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೂ, ರಬಕವಿ ಅದೇ ಮನೆತನದ ಇನ್ನೊಂದು ಕವಲಾದ ಸಾಂಗಲಿಗೂ, ಮುಧೋಳ ಘೋರ್ಪಡೆಯವರಿಗೂ ಸೇರಿದ್ದವು; ಬೀಳಗಿ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿತ್ತು. ರಬಕವಿ, ಬನಹಟ್ಟಿ ಎರಡೂ ನೇಕಾರರ ಊರುಗಳು, ಒಂದಕ್ಕೊಂದು ಅಂಟಿಕೊಂಡಿವೆ. ಆದರೂ ಒಂದರ ಅಹವಾಲು ಸಾಂಗಲಿ ದರಬಾರಿಗೆ, ಇನ್ನೊಂದರದು ಜಮಖಂಡಿ ದರಬಾರಿಗೆ. ಒಂದೇ ಭಾಷೆಯ ಜನ ಹಲವು ದೊರೆಗಳ ಕೆಳಗಿದ್ದುದರಿಂದ ಈ ಚರಿತ್ರೆಯನ್ನು ಜರ್ಮನಿಯ ಏಕೀಕರಣಕ್ಕೆ ಹೋಲಿಸಬಹುದು. ಆದರೆ ಅಲ್ಲಿ ಪ್ರಶ್ಯಾ ಮತ್ತು ಆಸ್ಟ್ರಿಯಾಗಳ ಪೈಪೋಟಿ 1866ರ ಯುದ್ಧದಲ್ಲಿ ಇತ್ಯರ್ಥವಾಗಿ, 1871ರಲ್ಲಿ ಗೆದ್ದ ಪ್ರಶ್ಯಾದ ದೊರೆಯೇ ಚಕ್ರವರ್ತಿಯಾದ. ಇಲ್ಲಿ ಏಕೀಕರಣವನ್ನು ತಂದದ್ದು ಅರಮನೆಗಳ ಪೈಪೋಟಿಯಲ್ಲ.

ಪೈಪೋಟಿ ಇರಲಿಲ್ಲವೆಂದಲ್ಲ. ಆದಿಲಶಾಹಿಯ ಸೇವೆಯಲ್ಲಿದ್ದ ಮುಧೋಳದ ಬಾಜಿ ಘೋರ್ಪಡೆ 1648ರಲ್ಲಿ ಶಿವಾಜಿಯ ತಂದೆ ಶಹಾಜಿ ಭೋಸಲೆಯನ್ನು ಸೆರೆಹಿಡಿಯಲು ನೆರವಾದ. ಆ ಹಗೆಯನ್ನು ಶಿವಾಜಿ 1664ರಲ್ಲಿ ಮುಧೋಳದ ಮೇಲೆ ಬಿದ್ದು ಬಾಜಿಯನ್ನು ಕೊಂದು ತೀರಿಸಿಕೊಂಡ. ಪಟವರ್ಧನರೋ ಪೇಶ್ವೆಯಿಂದ ಪಡೆದ ಜಹಗೀರನ್ನು ತಮ್ಮೊಳಗೇ ಪಾಲು ಮಾಡಿಕೊಂಡರು: 1801ರಲ್ಲಿ ಸಾಂಗಲಿ ಮಿರಜಿನಿಂದ ಬೇರೆಯಾಯಿತು, ಕೆಲವೇ ವರ್ಷಗಳಲ್ಲಿ ಜಮಖಂಡಿಯೂ ಸ್ವತಂತ್ರ ಪಾಲಾಯಿತು. ಅಂದರೆ ಇಲ್ಲಿಯ ಕಲಹಗಳು ನಾಡನ್ನು ಕೂಡಿಸುವ ಬದಲು ಒಡೆದವು. 1818ರಲ್ಲಿ ಪೇಶ್ವಾಯಿ ಮುಗಿದ ಮೇಲೆ ಬ್ರಿಟಿಷರು ಈ ಎಲ್ಲೆಗಳಿಗೆ ಕಾವಲು ನಿಂತರು. ಸಂಸ್ಥಾನಿಕರಿಗೆ ಗದ್ದುಗೆ ಉಳಿಯಿತು, ಯುದ್ಧದ ಅಧಿಕಾರ ಹೋಯಿತು. 1857ರ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸೆವೆಂದು ತಿರುಗಿಬಿದ್ದಾಗ ಊರಿಗೆ ಮುತ್ತಿಗೆ ಹಾಕಿದ್ದು ಕಂಪನಿಯ ಪಡೆ. ತನ್ನ ಪ್ರಜೆಗಳ ಬಂಡಾಯವನ್ನೂ ತಾನೇ ಅಡಗಿಸಲಾರದ ದರಬಾರು ಪ್ರಶ್ಯಾ ಆಗುವುದು ಸಾಧ್ಯವೇ ಇರಲಿಲ್ಲ.

ಜರ್ಮನಿಯನ್ನು ಬಲದಿಂದ ಒಗ್ಗೂಡಿಸಿದ ಪ್ರಶ್ಯಾದ ಪ್ರಧಾನಿ ಬಿಸ್ಮಾರ್ಕನಿಗೆ ಹೋಲಿಸಿ ಸರದಾರ ಪಟೇಲರನ್ನು ಭಾರತದ ಬಿಸ್ಮಾರ್ಕ್ ಎನ್ನುವುದುಂಟು, ಹಾಗಾದರೆ ಇಲ್ಲಿಯೂ ಒಗ್ಗೂಡಿಸಿದ್ದು ಬಲವೇ ಅಲ್ಲವೇ ಎಂಬ ಆಕ್ಷೇಪವಿದೆ. 1948ರ ಮಾರ್ಚಿನಲ್ಲಿ ದಖ್ಖನ್ನಿನ ಸಂಸ್ಥಾನಗಳು ದಿಲ್ಲಿಯ ಒತ್ತಡದಿಂದಲೇ ವಿಲೀನವಾದವು ಎಂಬುದು ನಿಜ. ಆದರೆ ಅವು ಸೇರಿದ್ದು ಮರಾಠಿ, ಗುಜರಾತಿ, ಕನ್ನಡಗಳು ಕೂಡಿದ್ದ ಮುಂಬಯಿಗೆ, ಕರ್ನಾಟಕಕ್ಕಲ್ಲ. ಭಾಷೆಯ ಏಕೀಕರಣಕ್ಕೆ ಇನ್ನೂ ಎಂಟು ವರ್ಷ ಹಿಡಿಯಿತು. ಅದನ್ನು ಸಾಧಿಸಿದ್ದು ಆಲೂರು ವೆಂಕಟರಾಯರ ಕಾಲದಿಂದ ಬೆಳೆದುಬಂದ ಚಳವಳಿ, 1953ರ ಅದರಗುಂಚಿ ಶಂಕರಗೌಡರ ಉಪವಾಸ, ರಾಜ್ಯಗಳ ಪುನರ್ವಿಂಗಡಣೆಗೆ ನೇಮಕವಾದ ಫಜಲ್ ಅಲಿ ಆಯೋಗದ ಶಿಫಾರಸು. ಅರಸರು ಮರಾಠಿಗರಾದ್ದರಿಂದ ಇದು ಮರಾಠಿ ಅರಮನೆಯ ವಿರುದ್ಧ ಕನ್ನಡದ ಗೆಲುವು ಎನ್ನುವವರಿಗೆ ಎರಡು ಸಂಗತಿಗಳು ಎದುರಾಗುತ್ತವೆ. ಕನ್ನಡ ಸಾಹಿತ್ಯ ಸಮ್ಮೇಳನ 1937ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರ ಅಧ್ಯಕ್ಷತೆಯಲ್ಲಿ ನಡೆದದ್ದು ಜಮಖಂಡಿಯಲ್ಲೇ, ಪಟವರ್ಧನರ ಆಳ್ವಿಕೆಯಲ್ಲೇ. ಸಂಸ್ಥಾನದ ಕೊನೆಯ ದಿನಗಳಲ್ಲಿ ಮುಖ್ಯಮಂತ್ರಿಯಾಗಿದ್ದವರು ಸಾವಳಗಿಯ ಬಿ. ಡಿ. ಜತ್ತಿ, ವಿಲೀನ ಪತ್ರಕ್ಕೆ ಶಂಕರರಾವ್ ಪಟವರ್ಧನರ ಜೊತೆ ಅವರದೂ ಸಹಿ ಬಿತ್ತು.

ಜತ್ತಿಯವರ ಮುಂದಿನ ಬಾಳು ಈ ವಾದಕ್ಕೆ ಗಟ್ಟಿ ಸಾಕ್ಷಿ. 1956ರ ನವೆಂಬರ್ 1ರಂದು ಉದಯಿಸಿದ ರಾಜ್ಯಕ್ಕೆ ದೊಡ್ಡ ಪಾಲುದಾರನಾದ ಮೈಸೂರಿನ ಹೆಸರೇ ಉಳಿಯಿತು, 1973ರವರೆಗೂ. ಮೈಸೂರು ಉಳಿದವರನ್ನು ನುಂಗಿತೆಂಬ ಅನುಮಾನ ಸಹಜ. ಆದರೆ ಎರಡೇ ವರ್ಷದೊಳಗೆ, 1958ರಲ್ಲಿ, ಅದರ ಮುಖ್ಯಮಂತ್ರಿಯಾದವರು ಸಣ್ಣ ಸಂಸ್ಥಾನದಿಂದ ಬಂದ ಜತ್ತಿ. ಜರ್ಮನಿಯಲ್ಲಿ ಕಿರೀಟವೂ ಪ್ರಧಾನಿಯ ಪೀಠವೂ ಗೆದ್ದವರ ಕೈಸೇರಿದ್ದವು. ಗೆದ್ದವರೇ ಇಲ್ಲದ ಏಕೀಕರಣದಲ್ಲಿ ಅಂಚಿನವರಿಗೂ ನಡುಮನೆಯಲ್ಲಿ ಜಾಗ ದೊರೆಯಿತು. ಇದಕ್ಕೆ ಬೆಲೆಯೂ ಇತ್ತು: ಗೆರೆ ಎಳೆಯುವ ಕೆಲಸ ಕಚೇರಿಗಳಿಗೆ ಬಿತ್ತು. ವಿಲೀನದ ನಂತರ ವಿಜಾಪುರ ಜಿಲ್ಲೆಗೆ ಸೇರಿದ ಜಮಖಂಡಿ, ಮುಧೋಳ ಕರ್ನಾಟಕಕ್ಕೆ ಬಂದವು. ಕನ್ನಡಿಗರು ಬಹಳವಾಗಿರುವ ನೆರೆಯ ಜತ್ತ, ಅಕ್ಕಲಕೋಟೆ ಮಹಾರಾಷ್ಟ್ರದಲ್ಲೇ ಉಳಿದವು.